ವಾಷಿಂಗ್ಟನ್ ಬಾಯಲ್ಲಿದ್ದದ್ದು ಯಾರ ಹಲ್ಲು?

ಜಾರ್ಜ್ ವಾಷಿಂಗ್ಟನ್ ಬಗ್ಗೆ ಸ್ಕೂಲಲ್ಲಿ ನಾನು ಕಲಿತದ್ದು ಮೂರೇ ವಿಷಯ. ಒಂದು, ಅವನು ಅಮೆರಿಕದ ಮೊದಲ ಅಧ್ಯಕ್ಷ. ಎರಡು, ಚಿಕ್ಕವನಿದ್ದಾಗ ಅಪ್ಪನ ಚೆರ್ರಿ ಮರಕ್ಕೆ ಕೊಡಲಿ ಹಾಕಿ, ಸುಳ್ಳು ಹೇಳದೆ ಒಪ್ಪಿಕೊಂಡ. ಮೂರು, ಅವನಿಗೆ ಮರದ ಹಲ್ಲುಸೆಟ್ ಇತ್ತು. ಇದರಲ್ಲಿ ಮೊದಲನೆಯದು ಮಾತ್ರ ನಿಜ. ಚೆರ್ರಿ ಮರದ ಕಥೆಯನ್ನು ಅವನು ಸತ್ತ ಮೇಲೆ ವೀಮ್ಸ್ ಅನ್ನೋ ಒಬ್ಬ ಪಾದ್ರಿ ಪುಸ್ತಕ ಬರೆಯುವಾಗ ಸೇರಿಸಿದ. ಮರದ ಹಲ್ಲಿನ ಕಥೆ ಎಲ್ಲಿ ಹುಟ್ಟಿತೋ, ಆದರೆ ಅವನ ಬಾಯಲ್ಲಿ ಮರ ಅಂತೂ ಇರಲಿಲ್ಲ. ಇದ್ದದ್ದೇನು ಅಂತ ಓದಿದ ಮೇಲೆ, ಮರವೇ ಆಗಿದ್ರೆ ಚೆನ್ನಾಗಿತ್ತು ಅನ್ನಿಸಿತು.

ನನಗೆ ಈ ಹುಚ್ಚು ಹಿಡಿದದ್ದು ನಮ್ಮ ಅಜ್ಜಿಯಿಂದ. ಅಜ್ಜಿ ಇರೋದು ತಿಪಟೂರಲ್ಲಿ. ಊರಿಗೆ ಊರೇ ಕೊಬ್ಬರಿ, ಅಜ್ಜಿಗೆ ಮಾತ್ರ ಕೊಬ್ಬರಿ ಅಗಿಯೋಕಾಗಲ್ಲ. ಹಲ್ಲುಸೆಟ್ ಮಾಡಿಸಿ ಆರು ವರ್ಷ ಆಯ್ತು. ಮದುವೆ ಮುಂಜಿಗೆ ಹೋಗುವಾಗ ಹಾಕ್ಕೋತಾರೆ, ಊಟಕ್ಕೆ ಕೂತಾಗ ಸೆರಗು ಅಡ್ಡ ಹಿಡಿದು ತೆಗೆದಿಡ್ತಾರೆ! ಊಟಕ್ಕೆ ಅಂತ ಮಾಡಿಸಿದ ವಸ್ತುವನ್ನು ಊಟದ ಹೊತ್ತಿಗೆ ತೆಗೆದಿಡೋದು ಯಾವ ಸೀಮೆ ಡಿಸೈನ್ ಅಂತ ನಾನು ಮೆಕ್ಯಾನಿಕಲ್ ಹುಡುಗನ ಜಂಬದಲ್ಲಿ ಹುಡುಕೋಕೆ ಕೂತೆ. ಹುಡುಕ್ತಾ ಹುಡುಕ್ತಾ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಿ ಈ ಮನುಷ್ಯನ ಬಾಯೊಳಗೆ ಬಿದ್ದೆ.

ವಾಷಿಂಗ್ಟನ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ವರ್ಜೀನಿಯಾದಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಹನ್ನೊಂದು ವರ್ಷಕ್ಕೆ ಅಪ್ಪ ತೀರಿಕೊಂಡ. ಅಣ್ಣಂದಿರು ಇಂಗ್ಲೆಂಡಿಗೆ ಹೋಗಿ ಓದಿಬಂದಿದ್ದರು, ಇವನಿಗೆ ಆ ಭಾಗ್ಯ ಸಿಗಲಿಲ್ಲ. ಕಾಲೇಜು ಅಂತ ಹತ್ತಲೇ ಇಲ್ಲ. ಆದರೆ ಲೆಕ್ಕ ಮತ್ತು ಅಳತೆ ಚೆನ್ನಾಗಿ ಬರ್ತಿತ್ತು. ಹದಿನೇಳಕ್ಕೇ ಕಲ್‌ಪೆಪರ್ ಅನ್ನೋ ಕೌಂಟಿಗೆ ಸರ್ಕಾರಿ ಸರ್ವೇಯರ್ ಆದ. ನಮ್ಮ ಸಿವಿಲ್ ಗೆಳೆಯರು ಕಾಲರ್ ಎತ್ತಿಕೊಳ್ಳಬಹುದು, ಅಮೆರಿಕದ ಮೊದಲ ಅಧ್ಯಕ್ಷ ಸರಪಳಿ ಹಿಡಿದು ಜಮೀನು ಅಳೆದವನು. 1751ರಲ್ಲಿ ಕಾಯಿಲೆ ಬಿದ್ದ ಅಣ್ಣ ಲಾರೆನ್ಸ್ ಜೊತೆ ಬಾರ್ಬಡೋಸ್ ದ್ವೀಪಕ್ಕೆ ಹೋದ. ಜೀವನದಲ್ಲಿ ಅವನು ಅಮೆರಿಕ ಬಿಟ್ಟು ಹೊರಗೆ ಹೋದದ್ದು ಅದೊಂದೇ ಸಲ. ಅಲ್ಲಿ ಸಿಡುಬು ಬಂತು, ಬದುಕಿಕೊಂಡ. ಆಮೇಲೆ ಸೈನ್ಯ ಸೇರಿ ಇಪ್ಪತ್ತೆರಡಕ್ಕೆ ಮೊದಲ ಕಾಳಗ ನೋಡಿದ.

1756ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿಗೆ, ಒಬ್ಬ ವೈದ್ಯನಿಗೆ ಐದು ಶಿಲ್ಲಿಂಗ್ ಕೊಟ್ಟು ಒಂದು ಹಲ್ಲು ಕೀಳಿಸಿಕೊಂಡ. ಅವನ ಖರ್ಚಿನ ಪುಸ್ತಕದಲ್ಲಿ ಅದು ಇದೆ. ಆ ಮನುಷ್ಯ ಪ್ರತಿ ಪೈಸೆ ಬರೆದಿಡೋ ಜಾತಿ. ಅಲ್ಲಿಂದ ಮುಂದೆ ಅವನ ಲೆಕ್ಕದ ಪುಸ್ತಕ, ದಿನಚರಿ, ಕಾಗದಗಳಲ್ಲಿ ಹಲ್ಲುನೋವು, ಬಾತ ವಸಡು, ಹಲ್ಲಿನ ಪುಡಿ, ಬ್ರಷ್ಷು, ಹಲ್ಲಿನ ವೈದ್ಯರಿಗೆ ಕೊಟ್ಟ ದುಡ್ಡು ಮತ್ತೆ ಮತ್ತೆ ಬರುತ್ತವೆ. ಹಲ್ಲುಜ್ಜದ ಸೋಮಾರಿ ಅಲ್ಲ ಅವನು, ಬ್ರಷ್ಷುಗಳನ್ನು ಲಂಡನ್ನಿಂದ ತರಿಸುತ್ತಿದ್ದ. ಆದರೂ ಹಲ್ಲು ನಿಲ್ಲಲಿಲ್ಲ. ಗಟ್ಟಿ ಕಾಯಿಗಳನ್ನು ಹಲ್ಲಲ್ಲೇ ಒಡೆದು ಕೆಡಿಸಿಕೊಂಡ ಅಂತ ಒಂದು ಮಾತಿದೆ, ಕಾಯಿಲೆಗಳಿಗೆ ಕೊಡ್ತಿದ್ದ ಪಾದರಸದ ಔಷಧಿ ಕಾರಣ ಅಂತ ಇನ್ನೊಂದು.

1759ರಲ್ಲಿ ಮಾರ್ಥಾ ಕಸ್ಟಿಸ್ ಅನ್ನೋ ಶ್ರೀಮಂತ ವಿಧವೆಯನ್ನು ಮದುವೆಯಾದ. ಮೌಂಟ್ ವರ್ನನ್ ಅನ್ನೋ ತನ್ನ ಎಸ್ಟೇಟಿನಲ್ಲಿ ಮೊದಲು ಹೊಗೆಸೊಪ್ಪು, ಆಮೇಲೆ ಗೋಧಿ ಬೆಳೆಸಿದ. ಬೆಳೆಸಿದ ಅಂದ್ರೆ ಅವನು ಗುದ್ದಲಿ ಹಿಡಿಯಲಿಲ್ಲ. ಆಫ್ರಿಕಾದಿಂದ ಹಿಡಿದು ತಂದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಗುಲಾಮರಾಗಿ ದುಡೀತಿದ್ದರು. ಅವನು ಸಾಯುವ ಹೊತ್ತಿಗೆ ಮೌಂಟ್ ವರ್ನನ್‌ನಲ್ಲಿದ್ದ ಗುಲಾಮರ ಸಂಖ್ಯೆ 317. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1775ರ ಜೂನ್‌ನಲ್ಲಿ ಬ್ರಿಟಿಷರ ವಿರುದ್ಧ ಎದ್ದ ವಸಾಹತುಗಳು ಅವನನ್ನು ಸೇನಾಪತಿ ಮಾಡಿದವು. 1776ರ ಕ್ರಿಸ್‌ಮಸ್ ರಾತ್ರಿ ಮಂಜುಗಡ್ಡೆ ತೇಲುತ್ತಿದ್ದ ಡೆಲಾವೇರ್ ನದಿ ದಾಟಿ ಟ್ರೆಂಟನ್‌ನಲ್ಲಿ ಶತ್ರುಗಳ ಮೇಲೆ ಬಿದ್ದದ್ದು ಎಲ್ಲರಿಗೂ ಗೊತ್ತಿರೋ ಕಥೆ. ಗೊತ್ತಿಲ್ಲದ್ದು ಏನಂದ್ರೆ, ಆ ರಾತ್ರಿ ದೋಣಿ ದಾಟಿದವರಲ್ಲಿ ಕೊಳಲು ಊದೋ ಹದಿನಾರು ವರ್ಷದ ಒಬ್ಬ ಹುಡುಗ ಇದ್ದ, ಹೆಸರು ಜಾನ್ ಗ್ರೀನ್‌ವುಡ್. ಅವನ ಸರದಿ ಆಮೇಲೆ ಬರುತ್ತೆ.

ಯುದ್ಧದ ಹೊತ್ತಿಗೆ ವಾಷಿಂಗ್ಟನ್‌ಗೆ ಹಲ್ಲು ನೋಡ್ತಿದ್ದವನು ಜಾನ್ ಬೇಕರ್ ಅನ್ನೋ ಇಂಗ್ಲಿಷ್ ದಂತವೈದ್ಯ. ಬೇಕರ್ ಮಾಡ್ತಿದ್ದದ್ದು ಇವತ್ತಿನ ಭಾಷೆಯಲ್ಲಿ ಪಾರ್ಶಿಯಲ್ ಡೆಂಚರ್, ಅಂದ್ರೆ ಕೆಲವೇ ಹಲ್ಲು ಹೋದವರಿಗೆ ಕಟ್ಟೋ ಸೆಟ್ಟು. ದಂತದಲ್ಲಿ ಹಲ್ಲು ಕೆತ್ತಿ, ಸಣ್ಣ ತಂತಿಯಿಂದ ಅಕ್ಕಪಕ್ಕದ ಉಳಿದ ಹಲ್ಲಿಗೆ ಕಟ್ಟಿಬಿಡೋದು. ಈ ವಿದ್ಯೆಯನ್ನು ಬೇಕರ್ ಬಾಸ್ಟನ್ನಿನಲ್ಲಿ ಪಾಲ್ ರಿವೇರ್ ಅನ್ನೋ ಅಕ್ಕಸಾಲಿಗೂ ಕಲಿಸಿದ್ದ. ಕುದುರೆ ಹತ್ತಿ ರಾತ್ರೋರಾತ್ರಿ ಬ್ರಿಟಿಷರು ಬರೋ ಸುದ್ದಿ ಮುಟ್ಟಿಸಿದ ಅದೇ ರಿವೇರ್. ಬಂಕರ್ ಹಿಲ್ ಕಾಳಗದಲ್ಲಿ ಸತ್ತ ಜೋಸೆಫ್ ವಾರೆನ್ ಅನ್ನೋ ಮುಖಂಡನ ಶವವನ್ನು ತಿಂಗಳುಗಳಾದ ಮೇಲೆ ಗುಂಡಿಯಿಂದ ತೆಗೆದಾಗ, ಇದು ಅವನದೇ ಅಂತ ಗುರುತಿಸಿದ್ದು ರಿವೇರ್, ತಾನೇ ತಂತಿ ಕಟ್ಟಿ ಕೂರಿಸಿದ್ದ ಕೃತಕ ಹಲ್ಲು ನೋಡಿ.

ತಂತಿ ಕಟ್ಟೋದರಲ್ಲಿ ಒಂದು ಸಮಸ್ಯೆ ಇದೆ. ಹೊಸ ಹಲ್ಲಿನ ಭಾರ ಪೂರ್ತಿ ಪಕ್ಕದ ಹಲ್ಲಿನ ಮೇಲೆ. ಅಗಿದಾಗಲೆಲ್ಲ ತಂತಿ ಎಳೆಯುತ್ತೆ, ಆ ಹಲ್ಲೂ ಅಲ್ಲಾಡೋಕೆ ಶುರುವಾಗುತ್ತೆ. ಒಂದು ಕಂಬ ಬಿದ್ದಾಗ ಅದರ ಲೋಡನ್ನು ಪಕ್ಕದ ಕಂಬಕ್ಕೆ ಹಾಕಿದರೆ ಏನಾಗುತ್ತೆ ಅಂತ ನಮಗೆ ಎರಡನೇ ಸೆಮಿಸ್ಟರಲ್ಲೇ ಹೇಳಿಕೊಟ್ಟಿದ್ದಾರೆ. ಈಗಿನ ಬ್ರಿಡ್ಜಿನಲ್ಲೂ ಮೂಲ ತತ್ವ ಅದೇ. ಎರಡು ಕಡೆಯ ಒಳ್ಳೇ ಹಲ್ಲುಗಳನ್ನು ಸವೆಸಿ, ಅವಕ್ಕೆ ಟೋಪಿ ಹಾಕಿ, ನಡುವೆ ಸುಳ್ಳು ಹಲ್ಲನ್ನು ಸೇತುವೆ ಥರ ನಿಲ್ಲಿಸೋದು. ಆದರೆ ಈಗ ಎಷ್ಟು ಲೋಡ್ ತಡೆಯುತ್ತೆ ಅಂತ ನೋಡಿ, ಬೇರು ಗಟ್ಟಿ ಇದ್ದರೆ ಮಾತ್ರ ಮಾಡ್ತಾರೆ. ವಾಷಿಂಗ್ಟನ್‌ಗೆ ಆ ಅನುಕೂಲ ಇರಲಿಲ್ಲ. ತಂತಿ ಸಡಿಲ ಆದರೆ ಬಿಗಿ ಮಾಡೋಕೆ ಚಿಮಟ ಬೇಕು ಅಂತ ಯುದ್ಧಭೂಮಿಯಿಂದ ಬೇಕರ್‌ಗೆ ಹೇಳಿ ಕಳಿಸುತ್ತಿದ್ದ. ಹಗಲು ಸೈನ್ಯ ನಡೆಸೋದು, ರಾತ್ರಿ ಡೇರೆಯಲ್ಲಿ ದೀಪ ಇಟ್ಟುಕೊಂಡು ತನ್ನ ಬಾಯಿಯನ್ನು ತಾನೇ ರಿಪೇರಿ ಮಾಡಿಕೊಳ್ಳೋದು, ಊಹಿಸಿಕೊಳ್ಳಿ.

ಈ ಕಾಗದಗಳಲ್ಲಿ ಒಂದು ಶತ್ರುವಿನ ಕೈಗೆ ಸಿಕ್ಕಿತು. 1781ರ ಮೇ 29ರಂದು ನ್ಯೂಯಾರ್ಕ್ ಹತ್ತಿರದ ಬೀಡಿನಿಂದ ವಾಷಿಂಗ್ಟನ್ ಬೇಕರ್‌ಗೆ ಬರೆದಿದ್ದ. ಹಲ್ಲು ಕೆರೆಯೋ ಉಪಕರಣ ಒಂದು ಕಳಿಸಿಕೊಡಿ, ನಾನು ಸದ್ಯಕ್ಕೆ ಫಿಲಡೆಲ್ಫಿಯಾ ಕಡೆ ಬರೋ ಹಾಗೆ ಕಾಣ್ತಿಲ್ಲ ಅನ್ನೋದು ಅದರ ಸಾರಾಂಶ. ಟಪಾಲು ಚೀಲ ಬ್ರಿಟಿಷರ ಪಾಲಾಗಿ, ಈ ಹಲ್ಲಿನ ಕಾಗದ ನ್ಯೂಯಾರ್ಕಿನಲ್ಲಿದ್ದ ಅವರ ಸೇನಾಪತಿ ಹೆನ್ರಿ ಕ್ಲಿಂಟನ್‌ನ ಕಡತ ಸೇರಿತು. ಈಗಲೂ ಅದು ಕ್ಲಿಂಟನ್‌ನ ಕಾಗದಗಳ ಜೊತೆಗೇ ಮಿಶಿಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ವಾಷಿಂಗ್ಟನ್ ನ್ಯೂಯಾರ್ಕ್ ಬಿಟ್ಟು ಕದಲಲ್ಲ, ಅವನ ಕಣ್ಣು ಇದರ ಮೇಲೇ ಅಂತ ಕ್ಲಿಂಟನ್ ನಂಬಿ ಕೂತ. ಹಲ್ಲಿನ ಕಾಗದ ಒಂದರಿಂದಲೇ ನಂಬಿದ ಅಂತ ಹೇಳೋಕಾಗಲ್ಲ, ಬೇರೆ ಕಾಗದಗಳೂ ಸಿಕ್ಕಿದ್ದವು. ಆದರೆ ಮೋಸ ಮಾಡೋಕೆ ಅಂತ ಯಾರೂ ಹಲ್ಲು ಕೆರೆಯೋ ಕಡ್ಡಿ ಕೇಳಲ್ಲ ಅಲ್ವಾ, ಅದಕ್ಕೇ ಅದು ನಂಬೋ ಹಾಗಿತ್ತು. ನಿಜ ಹೇಳಬೇಕೆಂದರೆ ಬರೆದಾಗ ವಾಷಿಂಗ್ಟನ್‌ಗೂ ಬೇರೆ ಯೋಚನೆ ಇರಲಿಲ್ಲ. ಆಗಸ್ಟ್‌ನಲ್ಲಿ ಫ್ರೆಂಚ್ ಹಡಗುಪಡೆ ದಕ್ಷಿಣಕ್ಕೆ ಬರ್ತಿದೆ ಅಂತ ಸುದ್ದಿ ಬಂದಾಗ ಪ್ಲಾನ್ ಬದಲಾಯಿಸಿದ, ಸೆಪ್ಟೆಂಬರ್‌ನಲ್ಲಿ ಅದೇ ಫಿಲಡೆಲ್ಫಿಯಾದ ಬೀದಿಯಲ್ಲೇ ಸೈನ್ಯ ನಡೆಸಿಕೊಂಡು ವರ್ಜೀನಿಯಾ ಕಡೆ ಹೋದ. ಕ್ಲಿಂಟನ್‌ಗೆ ಅರ್ಥ ಆಗೋ ಹೊತ್ತಿಗೆ ತಡವಾಗಿತ್ತು. ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೈನ್ಯ ಶರಣಾಯ್ತು.

ಅಲ್ಲಿ ಸೋತವನು ಯಾರು ಗೊತ್ತಾ? ಕಾರ್ನ್‌ವಾಲಿಸ್. ಹೌದು, ನಮ್ಮ ಕಾರ್ನ್‌ವಾಲಿಸ್ಸೇ. ಹುಷಾರಿಲ್ಲ ಅಂತ ಹೇಳಿ ಶರಣಾಗತಿಗೆ ತಾನು ಬರದೆ ಕೈಕೆಳಗಿನವನನ್ನು ಕಳಿಸಿದ ಆ ಮಹಾನುಭಾವ, ಐದು ವರ್ಷಕ್ಕೆ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆ ಬಾಗಿಲ ಮುಂದೆ ಬಸ್ಸಿಗೆ ಕಾಯುವಾಗ ನನಗೆ ಈಗ ಇದೇ ನೆನಪಾಗುತ್ತೆ.

ಯುದ್ಧ ಮುಗಿಯುತ್ತಾ ಬಂದಾಗ, 1783ರ ಮಾರ್ಚ್‌ನಲ್ಲಿ, ಸಂಬಳ ಸಿಗದ ಅಧಿಕಾರಿಗಳು ನ್ಯೂಬರ್ಗ್ ಬೀಡಿನಲ್ಲಿ ಬಂಡಾಯದ ಮಾತಾಡತೊಡಗಿದರು. ವಾಷಿಂಗ್ಟನ್ ಸಭೆಗೆ ಹೋಗಿ ಏನೋ ಕಾಗದ ಓದೋಕೆ ಜೇಬಿಂದ ಕನ್ನಡಕ ತೆಗೆದ. ಅವನಿಗೆ ಕನ್ನಡಕ ಬಂದಿದೆ ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ. ದೇಶದ ಸೇವೆಯಲ್ಲಿ ಕೂದಲು ಹಣ್ಣಾದದ್ದಲ್ಲದೆ ಕಣ್ಣೂ ಮಂದವಾಗ್ತಾ ಇದೆ ಅಂತ ಅವನು ಹೇಳಿದಾಗ ಹಲವರ ಕಣ್ಣಲ್ಲಿ ನೀರು ಬಂತಂತೆ, ಬಂಡಾಯ ಅಲ್ಲಿಗೇ ತಣ್ಣಗಾಯ್ತು. ಕಣ್ಣು ಹೋದದ್ದನ್ನು ಎಲ್ಲರ ಮುಂದೆ ಹೇಳಿಕೊಂಡ. ಹಲ್ಲು ಹೋದದ್ದನ್ನು ಯಾವತ್ತೂ ಹೇಳಲಿಲ್ಲ. ಕನ್ನಡಕ ಹಾಕಿದವನು ತ್ಯಾಗಿಯ ಹಾಗೆ ಕಾಣ್ತಾನೆ, ಬೊಚ್ಚುಬಾಯಿಯವನನ್ನು ನೋಡಿದರೆ ಜನಕ್ಕೆ ನಗು ಬರುತ್ತೆ. ನಮ್ಮ ಅಜ್ಜಿ ಕನ್ನಡಕವನ್ನು ಎಲ್ಲರೆದುರು ಒರೆಸ್ತಾರೆ, ಹಲ್ಲುಸೆಟ್ಟಿಗೆ ಸೆರಗು ಅಡ್ಡ. ಇದು ಅವರಿಬ್ಬರಲ್ಲೂ ಒಂದೇ.

ಆ ಕಾಲದಲ್ಲೇ ಜಾನ್ ಪಿಯರ್ ಲೆಮೆಯರ್ ಅನ್ನೋ ಫ್ರೆಂಚ್ ದಂತವೈದ್ಯ ವಾಷಿಂಗ್ಟನ್‌ಗೆ ಪರಿಚಯ ಆದ. ಮೊದಲು ಬ್ರಿಟಿಷರ ಕಡೆ ಇದ್ದವನು, ಜಗಳ ಆಗಿ ಈ ಕಡೆ ಬಂದಿದ್ದ. ಅವನ ವಿಶೇಷ ಹಲ್ಲು ನಾಟಿ. ಭತ್ತ ನಾಟಿ ಮಾಡೋ ಹಾಗೆ! ಒಬ್ಬರ ಬಾಯಿಂದ ಒಳ್ಳೇ ಹಲ್ಲನ್ನು ಕಿತ್ತು, ತಕ್ಷಣ ಇನ್ನೊಬ್ಬರ ವಸಡಿನ ಗುಳಿಯಲ್ಲಿ ಕೂರಿಸಿ ದಾರದಿಂದ ಕಟ್ಟೋದು. ಆಗ ಯುರೋಪಿನ ಶ್ರೀಮಂತರಲ್ಲಿ ಇದು ದೊಡ್ಡ ಫ್ಯಾಷನ್. ಹಲ್ಲು ಬಹಳ ಕಾಲ ನಿಲ್ಲುತ್ತಿರಲಿಲ್ಲ. ಒಬ್ಬರ ಹಲ್ಲನ್ನು ಇನ್ನೊಬ್ಬರ ದೇಹ ಒಪ್ಪಲ್ಲ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಕೆಲವೊಮ್ಮೆ ಕೊಟ್ಟವರ ರೋಗವೂ ಜೊತೆಗೆ ಬರ್ತಿತ್ತು. ಕೊಡೋರು ಯಾರು? ಬಡವರು. ಮುಂದಿನ ಹಲ್ಲು ಒಂದಕ್ಕೆ ಎರಡು ಗಿನಿ ಕೊಡ್ತೀನಿ ಅಂತ ಲೆಮೆಯರ್ ಪೇಪರಿನಲ್ಲಿ ಜಾಹೀರಾತು ಹಾಕಿಸುತ್ತಿದ್ದ. ಒಂದು ಗಿನಿ ಅಂದ್ರೆ 21 ಶಿಲ್ಲಿಂಗ್.

ಈಗ ಆ ಲೆಕ್ಕದ ಪುಸ್ತಕಕ್ಕೆ ಬರ್ತೀನಿ. 1784ರ ಮೇ ತಿಂಗಳು. ಮೌಂಟ್ ವರ್ನನ್ ಎಸ್ಟೇಟಿನ ಲೆಕ್ಕ ಬರೀತಿದ್ದವನು ವಾಷಿಂಗ್ಟನ್‌ನ ಸಂಬಂಧಿ ಲಂಡ್ ವಾಷಿಂಗ್ಟನ್. ಅವನು ಒಂದು ಸಾಲು ಬರೆದ. ಲೆಮೆಯರ್ ಡಾಕ್ಟರ ಬಾಬ್ತು, ಒಂಬತ್ತು ಹಲ್ಲಿಗೆ, ನೀಗ್ರೋಗಳಿಗೆ ಕೊಟ್ಟದ್ದು, 6 ಪೌಂಡ್ 2 ಶಿಲ್ಲಿಂಗ್. ಒಟ್ಟು 122 ಶಿಲ್ಲಿಂಗ್. ಒಂಬತ್ತರಿಂದ ಭಾಗಿಸಿ, ಹಲ್ಲೊಂದಕ್ಕೆ ಹದಿಮೂರೂವರೆ. ಜಾಹೀರಾತಿನ ರೇಟು 42. ಹೆಚ್ಚು ಕಮ್ಮಿ ಮೂರರಲ್ಲಿ ಒಂದು ಪಾಲು.

ನಾನು ಈ ಸಾಲಿನ ಮುಂದೆ ತುಂಬಾ ಹೊತ್ತು ಕೂತಿದ್ದೆ. ದುಡ್ಡು ಕೊಟ್ಟಿದ್ದಾರಲ್ಲ, ಕದ್ದಿಲ್ಲವಲ್ಲ ಅಂತ ವಾದ ಮಾಡಬಹುದು. ಆದರೆ ಯಜಮಾನ ಹಲ್ಲು ಕೇಳಿದಾಗ ಗುಲಾಮ ಆಗಲ್ಲ ಅನ್ನೋಕೆ ಆಗುತ್ತಿತ್ತಾ? ಕಾನೂನಿನ ಪ್ರಕಾರ ಅವರ ಮೈಯೇ ಅವರದ್ದಲ್ಲ. ಒಂಬತ್ತು ಹಲ್ಲು ಒಬ್ಬರದಾ, ಒಂಬತ್ತು ಜನರದಾ, ಗಂಡಸರದಾ ಹೆಂಗಸರದಾ, ಆ ಸಾಲಿನಲ್ಲಿ ಹೆಸರಿಲ್ಲ. ಕುದುರೆಗಳ ಹೆಸರನ್ನೂ ಬರೆದಿಟ್ಟ ಮನೆ ಅದು. ಆ ಹಲ್ಲುಗಳು ನೇರವಾಗಿ ವಾಷಿಂಗ್ಟನ್ ಬಾಯಿಗೇ ಹೋದವು ಅಂತಲೂ ಪುಸ್ತಕ ಹೇಳಲ್ಲ. ಆದರೆ ಲೆಮೆಯರ್ ಆ ವರ್ಷಗಳಲ್ಲಿ ಅವನ ಮನೆಗೇ ಬಂದು ಚಿಕಿತ್ಸೆ ಮಾಡ್ತಿದ್ದ, ಮುಂದೆ ಅವನ ಸೆಟ್ಟುಗಳಲ್ಲಿ ಮನುಷ್ಯರ ಹಲ್ಲು ಇದ್ದದ್ದಂತೂ ಕಣ್ಣಿಗೆ ಕಾಣೋ ಸತ್ಯ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತ ನಮ್ಮಲ್ಲಿ ಗಾದೆ. ಇಲ್ಲಿ ಕಡಲೆ ಇದ್ದವನು ಹಲ್ಲನ್ನೂ ಕೊಂಡುಕೊಂಡ. ಇದನ್ನು ಅಜ್ಜಿಗೆ ಫೋನಲ್ಲಿ ಹೇಳಿದೆ. ಕಿತ್ತು ಕೊಟ್ಟವರು ಆಮೇಲೆ ಏನು ತಿಂದರು ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಅಂಥವರಿಗೆ ವಾರವಾರ ಅಳೆದು ಕೊಡ್ತಿದ್ದದ್ದು ಜೋಳದ ಹಿಟ್ಟು, ಉಪ್ಪು ಮೀನು ಅಂತ ಓದಿದ್ದೆ, ಅಷ್ಟು ಹೇಳಿದೆ.

1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ತಗೊಂಡಾಗ ವಾಷಿಂಗ್ಟನ್‌ಗೆ 57 ವರ್ಷ, ಬಾಯಲ್ಲಿ ಉಳಿದಿದ್ದದ್ದು ಒಂದೇ ಹಲ್ಲು, ಕೆಳದವಡೆಯದ್ದು. ಅವತ್ತು ಭಾಷಣ ಓದುವಾಗ ಅವನು ನಡುಗುತ್ತಿದ್ದ, ಓದೋಕೆ ಒದ್ದಾಡಿದ ಅಂತ ಅಲ್ಲಿದ್ದ ಸೆನೆಟರ್ ವಿಲಿಯಂ ಮೆಕ್ಲೇ ದಿನಚರಿಯಲ್ಲಿ ಬರೆದುಕೊಂಡ. ಭಯಕ್ಕೋ ಬಾಯಿಗೋ, ಯಾರಿಗೆ ಗೊತ್ತು.

ಈಗ ಆ ಕೊಳಲು ಹುಡುಗ. ಜಾನ್ ಗ್ರೀನ್‌ವುಡ್ ದೊಡ್ಡವನಾಗಿ ನ್ಯೂಯಾರ್ಕಿನಲ್ಲಿ ದಂತವೈದ್ಯನಾಗಿದ್ದ. ನೂಲುವ ರಾಟೆಯನ್ನು ಬದಲಾಯಿಸಿ ಕಾಲಲ್ಲಿ ತುಳಿದು ತಿರುಗಿಸೋ ಡ್ರಿಲ್ ಮಾಡಿಕೊಂಡಿದ್ದನಂತೆ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆದ ಮನುಷ್ಯ ಇವನೇ. ವಾಷಿಂಗ್ಟನ್‌ಗೆ ಅವನು ಮಾಡಿಕೊಟ್ಟ ಸೆಟ್ಟು ನೀರಾನೆಯ ದಂತದಲ್ಲಿ ಕೆತ್ತಿದ್ದು. ಆನೆ ದಂತಕ್ಕಿಂತ ಅದು ಗಟ್ಟಿ. ಅದಕ್ಕೆ ಮನುಷ್ಯರ ಹಲ್ಲುಗಳನ್ನು ಚಿನ್ನದ ಮೊಳೆಯಿಂದ ಕೂರಿಸಿ, ಮೇಲಿನ ಕೆಳಗಿನ ಎರಡು ತುಂಡನ್ನು ಸ್ಪ್ರಿಂಗಿನಿಂದ ಜೋಡಿಸಿದ. ಕೆಳಗಿನ ತುಂಡಿನಲ್ಲಿ ಒಂದು ತೂತು ಬಿಟ್ಟಿದ್ದ, ಉಳಿದಿದ್ದ ಆ ಒಂಟಿ ಹಲ್ಲು ಅದರೊಳಗೆ ತೂರಿಕೊಂಡು ಬರೋ ಹಾಗೆ. ಪೂರ್ತಿ ಸೆಟ್ಟಿಗೆ ಗೂಟ ಅಂತ ಇದ್ದದ್ದು ಅದೊಂದೇ. ಇವತ್ತು ಒಂದೆರಡು ಬೇರು ಉಳಿಸಿಕೊಂಡು ಅದರ ಮೇಲೆ ಸೆಟ್ಟು ಕೂರಿಸೋದಕ್ಕೆ ಓವರ್‌ಡೆಂಚರ್ ಅಂತಾರೆ, ಯೋಚನೆ ಹೆಚ್ಚು ಕಮ್ಮಿ ಅದೇ ದಿಕ್ಕಿನದು.

ಸ್ಪ್ರಿಂಗ್ ಯಾಕೆ ಅಂತ ಕೇಳ್ತೀರಾ? ನಮ್ಮ ಅಜ್ಜಿಯ ಮೇಲಿನ ಸೆಟ್ಟು ಯಾವ ಸ್ಪ್ರಿಂಗೂ ಇಲ್ಲದೆ ಅಂಗಳಕ್ಕೆ ಅಂಟಿಕೊಂಡು ನಿಲ್ಲುತ್ತೆ. ಎರಡು ಗಾಜಿನ ಹಾಳೆ ಮಧ್ಯೆ ಒಂದು ಹನಿ ನೀರು ಬಿಟ್ಟರೆ ಬಿಡಿಸೋಕಾಗಲ್ಲವಲ್ಲ, ಹಾಗೆ ತೆಳುವಾದ ಎಂಜಲಿನ ಪದರ ಅದನ್ನು ಹಿಡಿದಿಡುತ್ತೆ. ಆದರೆ ಪದರ ಅಷ್ಟು ತೆಳು ಇರಬೇಕಾದರೆ ಸೆಟ್ಟು ಅಂಗಳದ ಪ್ರತಿ ಉಬ್ಬುತಗ್ಗಿಗೆ ಸರಿಯಾಗಿ ಕೂರಬೇಕು. ಈಗ ಬಾಯಿಯ ಅಚ್ಚು ತೆಗೆದು, ಅದರ ಮೇಲೆ ಅಕ್ರಿಲಿಕ್ ಎರಕ ಹೊಯ್ತಾರೆ. ಆಗ ಮೇಣದಲ್ಲಿ ಅಚ್ಚು, ದಂತದಲ್ಲಿ ಕೈಕೆತ್ತನೆ. ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಆದರೂ ಗಾಳಿ ಹೊಕ್ಕು ಮೇಲಿನದು ದಬಕ್ ಅಂತ ಬೀಳುತ್ತೆ. ಅದಕ್ಕೇ ಸ್ಪ್ರಿಂಗು. ಅದು ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಸದಾ ಒತ್ತುತ್ತಿರುತ್ತೆ. ಒತ್ತಿದಷ್ಟೂ ತಿರುಗಿ ಒತ್ತೋದು ಸ್ಪ್ರಿಂಗಿನ ಧರ್ಮ. ಹಾಗಾಗಿ ಬಾಯಿ ಮುಚ್ಚಿಕೊಂಡಿರೋದೇ ಒಂದು ಕೆಲಸ. ನಮಗೆ ಬಾಯಿ ತೆಗೆಯೋಕೆ ಶ್ರಮ ಬೇಕು, ಅವನಿಗೆ ಮುಚ್ಚೋಕೆ. ಗಮನ ತಪ್ಪಿದರೆ ಬಾಯಿ ತಾನೇ ತೆರೆದುಕೊಳ್ಳುತ್ತೆ. ಎಂಟು ವರ್ಷ ಒಬ್ಬ ಮನುಷ್ಯ ಹೀಗೆ ದವಡೆ ಬಿಗಿಹಿಡಿದುಕೊಂಡು ಹೊಸ ದೇಶ ನಡೆಸಿದ. ಅವನು ಗಂಭೀರ, ಮಿತಭಾಷಿ, ನಗದ ಮನುಷ್ಯ ಅಂತ ಜನ ಹೇಳುತ್ತಿದ್ದದ್ದರಲ್ಲಿ ಸ್ವಭಾವ ಎಷ್ಟು, ಸ್ಪ್ರಿಂಗ್ ಎಷ್ಟು ಅಂತ ನನಗೆ ಕುತೂಹಲ.

ಬೆಳಗ್ಗೆ ಅವನ ತಿಂಡಿ ಜೋಳದ ಹಿಟ್ಟಿನ ಸಣ್ಣ ರೊಟ್ಟಿ, ಬೆಣ್ಣೆ ಜೇನುತುಪ್ಪದಲ್ಲಿ ಮುಳುಗಿಸಿದ್ದು, ಜೊತೆಗೆ ಚಹಾ. ಮುಳುಗಿಸೋದು ಯಾಕೆ ಅಂತ ಹಲ್ಲಿಲ್ಲದವರ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಅವಲಕ್ಕಿ ಹಾಲಲ್ಲಿ ನೆನೆಯುತ್ತೆ, ಅಷ್ಟೇ ವ್ಯತ್ಯಾಸ.

1796 ಅವನ ಬಾಯಿಗೆ ಕೆಟ್ಟ ವರ್ಷ. ಕಡೇ ಹಲ್ಲನ್ನೂ ಗ್ರೀನ್‌ವುಡ್ ಕಿತ್ತ. ಅದೇ ವರ್ಷ ಗಿಲ್ಬರ್ಟ್ ಸ್ಟುವರ್ಟ್ ಅವನ ಚಿತ್ರ ಬರೆದ, ಪೂರ್ತಿ ಮುಗಿಸದ ಆ ಚಿತ್ರವೇ ಇವತ್ತು ಒಂದು ಡಾಲರ್ ನೋಟಿನ ಮೇಲಿರೋದು. ಸಿಕ್ಕಿದರೆ ತುಟಿ ನೋಡಿ. ಬಾಯೊಳಗೆ ಏನೋ ತುಂಬಿಕೊಂಡು ಬಿಗಿಯಾಗಿ ಮುಚ್ಚಿದ ಹಾಗಿದೆ. ಅದೇ ವರ್ಷ ಮೇ 21ರಂದು ಫಿಲಡೆಲ್ಫಿಯಾದಲ್ಲಿ ವಾಷಿಂಗ್ಟನ್ ದಂಪತಿ ಊಟಕ್ಕೆ ಕೂತಿದ್ದಾಗ ಓನಾ ಜಡ್ಜ್ ಅನ್ನೋ ಗುಲಾಮ ಹುಡುಗಿ ಮನೆಯಿಂದ ಹೊರಟುಹೋದಳು. ಅವಳನ್ನು ಹಿಡಿಸೋಕೆ ವಾಷಿಂಗ್ಟನ್ ಪ್ರಯತ್ನ ಪಟ್ಟ, ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೂರನೇ ಸಲ ಅಧ್ಯಕ್ಷ ಆಗಲ್ಲ ಅಂತ ವಿದಾಯದ ಸಂದೇಶ ಕೊಟ್ಟ. ಆ ಪ್ರಸಿದ್ಧ ಭಾಷಣವನ್ನು ಅವನು ಬಾಯಿಬಿಟ್ಟು ಎಲ್ಲೂ ಮಾಡಿಲ್ಲ, ನೇರ ಪೇಪರಿಗೆ ಕೊಟ್ಟ.

ಊರಿಗೆ ಹೋದ ಮೇಲೂ ಸೆಟ್ಟುಗಳು ಪಾರ್ಸೆಲ್‌ನಲ್ಲಿ ಗ್ರೀನ್‌ವುಡ್ ಹತ್ತಿರ ಹೋಗಿ ಬರ್ತಾ ಇದ್ದವು. ವಾಷಿಂಗ್ಟನ್‌ನ ದೂರು ಒಂದೇ, ಇದು ತುಟಿಯನ್ನು ಹೊರಗೆ ತಳ್ಳುತ್ತೆ, ಮುಖ ಊದಿಕೊಂಡ ಹಾಗೆ ಕಾಣುತ್ತೆ, ಸ್ವಲ್ಪವೂ ಮುಂದೆ ಬರದ ಹಾಗೆ ಮಾಡಿ. ಗ್ರೀನ್‌ವುಡ್ ತಪ್ಪು ಅದರಲ್ಲಿ ಪೂರ್ತಿ ಇರಲಿಲ್ಲ. ಹಲ್ಲು ಹೋದ ಮೇಲೆ ದವಡೆಯ ಮೂಳೆಗೆ ಕೆಲಸ ಇಲ್ಲ, ಅದು ವರ್ಷ ವರ್ಷ ಕರಗಿ ತಗ್ಗುತ್ತೆ. ಅಡಿಪಾಯವೇ ಕುಸಿಯುತ್ತಿರೋ ಮನೆಗೆ ಎಷ್ಟು ಸಲ ಗೋಡೆ ಕಟ್ಟಿದರೂ ಬಿರುಕೇ. ಅಜ್ಜಿಯ ಆರು ವರ್ಷದ ಸೆಟ್ಟು ಊಟದ ಹೊತ್ತಿಗೆ ಕುಣಿಯೋದು ಇದಕ್ಕೇ, ಅದರಲ್ಲೂ ಕೆಳಗಿನದು. ಕೆಳಗೆ ಅಂಟಿಕೊಳ್ಳೋಕೆ ಅಂಗಳ ಇಲ್ಲ, ಕುದುರೆ ಲಾಳದಷ್ಟೇ ಜಾಗ, ನಡುವೆ ನಾಲಿಗೆ ಬೇರೆ ತಳ್ಳುತ್ತೆ. ಇದಕ್ಕೆ ಸರಿಯಾದ ಪರಿಹಾರ ಸಿಕ್ಕಿದ್ದು 1950ರ ದಶಕದಲ್ಲಿ, ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ವಿಜ್ಞಾನಿ ಮೊಲದ ಮೂಳೆಗೆ ಹಾಕಿದ್ದ ಟೈಟಾನಿಯಂ ವಾಪಸ್ ಬಿಚ್ಚೋಕಾಗದೆ ಹೋದಾಗ. ಮೂಳೆ ಅದಕ್ಕೇ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ಸಲ ಮನುಷ್ಯನ ದವಡೆಗೆ ಆ ಸ್ಕ್ರೂ ಹಾಕಿದ. ಅದೇ ಇಂಪ್ಲಾಂಟ್. ಲೋಡ್ ಮತ್ತೆ ಮೂಳೆಗೆ ಹೋಗೋದರಿಂದ ಮೂಳೆ ಅಷ್ಟು ಬೇಗ ಕರಗಲ್ಲ. ಕೆಳಗೆ ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಗುಂಡಿ ಒತ್ತಿದ ಹಾಗೆ ಸೆಟ್ಟು ಕೂರಿಸಬಹುದಂತೆ. ಅಜ್ಜಿಗೆ ಹೇಳಿದ್ದೀನಿ, ರೇಟು ಕೇಳಿ ಬೈದರು.

ಇನ್ನೊಂದು ಕಾಗದದ ವಿಷಯ ಹೇಳಿಬಿಡ್ತೀನಿ. 1798ರಲ್ಲಿ ಬಂದ ಸೆಟ್ಟು ಕಪ್ಪಗಾಗಿರೋದನ್ನು ನೋಡಿ ಗ್ರೀನ್‌ವುಡ್, ಇದು ಪೋರ್ಟ್ ವೈನಿನ ಕೆಲಸ, ಕುಡಿಯುವಾಗ ತೆಗೆದಿಡಿ, ಇಲ್ಲಾಂದ್ರೆ ಕುಡಿದ ತಕ್ಷಣ ಉಜ್ಜಿ ಅಂತ ಬರೆದ. ದಂತದಲ್ಲಿ ಸಣ್ಣ ಸಣ್ಣ ಬಿರುಕುಗಳಿರುತ್ತವೆ, ಬಣ್ಣ ಅದರೊಳಗೆ ಇಳಿದು ಗೆರೆಗೆರೆಯಾಗಿ ಮರದ ಹಾಗೇ ಕಾಣುತ್ತೆ. ಮರದ ಹಲ್ಲಿನ ಕಥೆ ಹೀಗೇ ಹುಟ್ಟಿರಬಹುದು ಅಂತಾರೆ.

1799ರ ಡಿಸೆಂಬರ್ 12ರಂದು ಹಿಮ ಮಳೆಯಲ್ಲಿ ಕುದುರೆ ಮೇಲೆ ಜಮೀನು ಸುತ್ತಿ ಬಂದ. ಗಂಟಲು ಬಾತು ಉಸಿರು ಕಟ್ಟಿತು. ವೈದ್ಯರು ಆಗಿನ ಪದ್ಧತಿಯಂತೆ ರಕ್ತ ತೆಗೆದರು, ಮತ್ತೆ ತೆಗೆದರು, ಎಲ್ಲ ಸೇರಿ ಎರಡು ಲೀಟರಿಗೂ ಜಾಸ್ತಿ. 14ರ ರಾತ್ರಿ ತೀರಿಕೊಂಡ. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತಿದ್ದ.

ಉಯಿಲಿನಲ್ಲಿ ತನ್ನ ಹೆಸರಲ್ಲಿದ್ದ 123 ಗುಲಾಮರನ್ನು ಹೆಂಡತಿಯ ಕಾಲಾನಂತರ ಬಿಡುಗಡೆ ಮಾಡಬೇಕು ಅಂತ ಬರೆದಿದ್ದ. ಮಾರ್ಥಾ ಅಲ್ಲಿವರೆಗೆ ಕಾಯದೆ 1801ರ ಜನವರಿ 1ಕ್ಕೇ ಬಿಡುಗಡೆ ಮಾಡಿದಳು. ಉಳಿದವರಲ್ಲಿ ಬಹುತೇಕರು ಆಕೆಯ ಮೊದಲ ಗಂಡನ ಆಸ್ತಿ ಅಂತ ಲೆಕ್ಕ, ಅವರಿಗೆ ಬಿಡುಗಡೆ ಸಿಗಲಿಲ್ಲ, ಮೊಮ್ಮಕ್ಕಳಿಗೆ ಹಂಚಿದರು. ಹಲ್ಲು ಕೊಟ್ಟವರು ಯಾವ ಪಟ್ಟಿಯಲ್ಲಿದ್ದರು ಅಂತ ಹೇಳೋಕೆ ದಾರಿ ಇಲ್ಲ.

ವಾಷಿಂಗ್ಟನ್‌ನ ಸೆಟ್ಟುಗಳಲ್ಲಿ ಮೇಲಿನದು ಕೆಳಗಿನದು ಎರಡೂ ಉಳಿದಿರೋ ಜೋಡಿ ಈಗ ಮೌಂಟ್ ವರ್ನನ್ ಮ್ಯೂಸಿಯಂನಲ್ಲಿದೆ. ಸೀಸದ ತಳ, ಅದಕ್ಕೆ ಮನುಷ್ಯರ ಹಲ್ಲು, ದನ ಕುದುರೆಗಳ ಹಲ್ಲು, ಪಕ್ಕದಲ್ಲಿ ಸ್ಪ್ರಿಂಗು. ಸೀಸದ ಸಾಂದ್ರತೆ 11.3, ಅಜ್ಜಿಯ ಅಕ್ರಿಲಿಕ್‌ನದು 1.2. ಫೋಟೋದಲ್ಲಿ ಅದು ಬಾಯಿ ಕಳೆದುಕೊಂಡು ಕೂತಿದೆ, ಮುಚ್ಚಿ ಹಿಡಿಯೋರು ಇಲ್ಲವಲ್ಲ. ಅವನ ಸ್ವಂತದ ಕಡೇ ಹಲ್ಲನ್ನು ಗ್ರೀನ್‌ವುಡ್ ಕೇಳಿ ಇಸ್ಕೊಂಡು, ಗಾಜಿನ ಸಣ್ಣ ಪದಕದೊಳಗೆ ಇಟ್ಟು, ಗಡಿಯಾರದ ಸರಪಣಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಅದು ಈಗ ನ್ಯೂಯಾರ್ಕಿನ ವೈದ್ಯಕೀಯ ಅಕಾಡೆಮಿಯಲ್ಲಿದೆ, ಯಾರದು ಅಂತ ಹೆಸರಿನ ಸಮೇತ.